ನಗರದ ಇಂಧನ ಯೋಜನೆಗೆ ಜನರ ಸಭೆ: ಸರಿಯಾಗಿ ನಡೆಸುವ ಕ್ರಮ

ಕರಡು ಪೂರ್ತಿ ಸಿದ್ಧವಾದ ಮೇಲೆ ಸಭೆ ಕರೆದು, ಬಂದವರ ಸಹಿ ಪಡೆದು, ಆ ಹಾಳೆಯನ್ನೇ ಜನಾಭಿಪ್ರಾಯವೆಂದು ಕಡತಕ್ಕೆ ಸೇರಿಸುವುದನ್ನು ಹಲವು ಸಲ ನೋಡಿದ್ದೇನೆ. ಶೆರ‍್ರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ನೀತಿ ತಜ್ಞೆ 1969ರಲ್ಲಿ ಜನರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಯಾಗಿ ವಿಂಗಡಿಸಿದಾಗ, ಬರಿಯ ಮಾಹಿತಿ ನೀಡುವುದನ್ನೂ ಸಲಹೆ ಕೇಳುವುದನ್ನೂ ತೋರಿಕೆಯ ಮೆಟ್ಟಿಲುಗಳ ಸಾಲಿಗೇ ಸೇರಿಸಿದ್ದರು. ಅದಕ್ಕಿಂತ ಮೇಲೇರಬೇಕೆಂದಿರುವ ನಗರಾಡಳಿತಗಳಿಗೆ ಈ ಕ್ರಮ.

ಮೊದಲ ಹಂತ ಸುಲಭ. ಯಾವ ತೀರ್ಮಾನಗಳು ಇನ್ನೂ ಬಾಕಿ ಇವೆ ಎಂಬುದನ್ನು ಒಂದೇ ಪುಟದಲ್ಲಿ ಬರೆಯಿರಿ. ಏನೂ ಬಾಕಿ ಇಲ್ಲದಿದ್ದರೆ ಸಭೆ ಕರೆಯಲೇಬೇಡಿ.

ಎರಡನೆಯದು ಆಹ್ವಾನ, ಕೆಲಸ ಕೆಡುವುದು ಇಲ್ಲಿಯೇ. ‘ಸರ್ವರಿಗೂ ಸ್ವಾಗತ’ ಎಂಬ ಪ್ರಕಟಣೆಗೆ ಓಗೊಟ್ಟು ಬರುವವರು ಹೆಚ್ಚಾಗಿ ಬಿಡುವುಳ್ಳವರು, ಸ್ವಂತ ಮನೆಯವರು, ಮೈಕಿನ ಮುಂದೆ ಮಾತನಾಡಿ ರೂಢಿಯಿರುವವರು. ಅವರು ತಾರಸಿಯ ಸೌರಫಲಕಕ್ಕೆ ಸಹಾಯಧನ ಕೇಳುತ್ತಾರೆ. ತಾರಸಿಯ ಮೇಲೆ ಹಕ್ಕೇ ಇಲ್ಲದ ಬಾಡಿಗೆದಾರರ ಮಾತು ದಾಖಲಾಗುವುದಿಲ್ಲ. ಮನೆಯೊಳಗಿನ ಸೆಕೆ ಇಳಿಸುವಂತೆ ಚಾವಣಿಯನ್ನು ಸುಧಾರಿಸಲು ಹಣ ಹಾಕಬೇಕಾದವರು ಮಾಲೀಕರು, ಆದರೆ ಉಳಿತಾಯ ಕಾಣುವುದು ಬಾಡಿಗೆದಾರರ ಬಿಲ್ಲಿನಲ್ಲಿ. ಈ ತೊಡಕನ್ನು ಬಿಡಿಸಬೇಕಾದರೆ ಇಬ್ಬರೂ ಒಂದೇ ಮೇಜಿಗೆ ಬರಬೇಕು.

ಆದ್ದರಿಂದ ಸದಸ್ಯರನ್ನು ಚೀಟಿ ಎತ್ತಿಯೇ ಆರಿಸಿ, ಅದೂ ಎರಡು ಸುತ್ತಿನಲ್ಲಿ. ಮೊದಲು ವಿಳಾಸಗಳ ಪಟ್ಟಿಯಿಂದ ಚೀಟಿ ಎತ್ತಿ ಪತ್ರ ಕಳುಹಿಸಬೇಕು. ಬರಲು ಒಪ್ಪಿದವರಲ್ಲಿ ವಯಸ್ಸು, ಲಿಂಗ, ಶಿಕ್ಷಣ, ಬಡಾವಣೆ, ಮನೆ ಸ್ವಂತದ್ದೋ ಬಾಡಿಗೆಯದೋ ಎಂಬುದನ್ನೆಲ್ಲ ನೋಡಿ, ಊರಿನ ಪ್ರಮಾಣಕ್ಕೆ ಹೊಂದುವಂತೆ ಮತ್ತೊಮ್ಮೆ ಎತ್ತಬೇಕು. 2020ರ ಬ್ರಿಟನ್ನಿನ ಹವಾಮಾನ ಸಭೆಗಾಗಿ 30,000 ಮನೆಗಳಿಗೆ ಪತ್ರ ಹೋಗಿತ್ತು. ಕೊನೆಗೆ ಚರ್ಚೆಗೆ ಕುಳಿತವರು 108 ಮಂದಿ. ನಗರವೊಂದಕ್ಕೆ ಇಷ್ಟು ಪತ್ರ ಬೇಡ, ಆದರೆ ಒಪ್ಪುವವರು ಕಡಿಮೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ವಿಳಾಸಕ್ಕೆಂದು ವಿದ್ಯುತ್ ಸಂಪರ್ಕಗಳ ಪಟ್ಟಿಯನ್ನು ಮಾತ್ರ ಬಳಸಬೇಡಿ. ಕೈಗೆ ಸುಲಭವಾಗಿ ಸಿಗುತ್ತದೆ ನಿಜ; ಆದರೆ ಒಂದೇ ಮೀಟರಿನಡಿ ನಾಲ್ಕು ಸಂಸಾರಗಳಿದ್ದರೆ ಮೂರು ಅಲ್ಲಿಯೇ ಬಿಟ್ಟುಹೋಗುತ್ತವೆ, ಮೀಟರೇ ಇಲ್ಲದವರ ಸುಳಿವಂತೂ ಇರುವುದಿಲ್ಲ. ಅಂಥ ಮನೆಗಳಿಗೆ ಖುದ್ದಾಗಿ ಹೋಗಿ ಕರೆಯಬೇಕು. ದಿನಗೂಲಿಯವರಿಗೆ ಆ ದಿನದ ಸಂಪಾದನೆ ತುಂಬಿಕೊಡುವುದು, ಮಕ್ಕಳನ್ನು ನೋಡಿಕೊಳ್ಳಲು ಜನ, ಗಾಲಿಕುರ್ಚಿ ಹತ್ತುವ ಇಳಿಜಾರು, ಸಂಜ್ಞಾಭಾಷೆಯವರು, ಇವೆಲ್ಲವನ್ನೂ ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆಯಿರಿ. ‘ಇತರೆ ವೆಚ್ಚ’ಕ್ಕೆ ತಳ್ಳಿದರೆ ಕಡಿತವಾಗುವುದು ಅವೇ. ಇದರ ಬದಲಿಗೆ ಮೊಬೈಲ್ ಸಮೀಕ್ಷೆಯ ಸಿದ್ಧ ಆ್ಯಪ್‌ಗಳನ್ನು ಮಾರಲು ಬರುವವರಿದ್ದಾರೆ. ಅವು ಕೊಡುವ ಬಣ್ಣದ ಚಿತ್ರಪಟಗಳು ಅಂದವಾಗಿರುತ್ತವೆ, ಉತ್ತರಿಸಿದವರು ಯಾರೆಂಬುದು ಮಾತ್ರ ತಿಳಿಯುವುದಿಲ್ಲ.

ಮೂರನೆಯದು ಸಭೆ. ತಜ್ಞರ ಮಾತಿಗೆ ಹತ್ತು ನಿಮಿಷ ಸಾಕು. ಎಂಟು ಜನಕ್ಕೊಂದು ಮೇಜು ಹಾಕಿ, ಪ್ರತಿಯೊಬ್ಬರಿಗೂ ತಮ್ಮ ವಿದ್ಯುತ್ ಬಿಲ್ಲನ್ನು ತರಲು ಹೇಳಿ. ಬಿಲ್ಲಿಲ್ಲದವರು ತಿಂಗಳಿಗೆ ತಾವು ಯಾರಿಗೆ ಎಷ್ಟು ಕೊಡುತ್ತೇವೆಂದು ಹೇಳಲಿ. ಒಂದು ಯೂನಿಟ್ ಎಂದರೆ 1,000 ವ್ಯಾಟ್ ಒಂದು ಗಂಟೆ ಉರಿದಷ್ಟು, ಅಂದರೆ ನೀರು ಕಾಯಿಸುವ 2,000 ವ್ಯಾಟಿನ ಹೀಟರ್ ಅರ್ಧ ಗಂಟೆಯಲ್ಲಿ ನುಂಗುವಷ್ಟು ಎಂದು ಬಿಲ್ಲಿನ ಮೇಲೆಯೇ ಬೆರಳಿಟ್ಟು ತೋರಿಸಿದರೆ, ಒಂದು ಕಿಲೋವ್ಯಾಟ್ ಸೌರಫಲಕಕ್ಕೆ ನೆರಳು ಬೀಳದ ಸುಮಾರು 10 ಚದರ ಮೀಟರ್ ಜಾಗ ಬೇಕೆಂಬ ಮಾತು ಅವರಿಗೆ ಲೆಕ್ಕವಾಗಿ ಅರ್ಥವಾಗುತ್ತದೆ. ಆಯ್ಕೆಗಳ ಪಟ್ಟಿಯ ಮುಂದೆ ಬಣ್ಣದ ಬಿಂದು ಅಂಟಿಸುವ ಮತದಾನವನ್ನು ನಾನು ಒಪ್ಪುವುದಿಲ್ಲ; ಬಿಂದುಗಳು ಎಲ್ಲಿ ಹೆಚ್ಚಿವೆಯೋ ಅಲ್ಲಿಯೇ ಉಳಿದವರೂ ಅಂಟಿಸುತ್ತಾರೆ. ಮೊದಲು ಎಲ್ಲರೂ ಮೌನವಾಗಿ ಚೀಟಿಯಲ್ಲಿ ಬರೆಯಲಿ, ಬರೆಯಲು ಬಾರದವರ ಮಾತನ್ನು ಸಹಾಯಕರು ಅವರದೇ ನುಡಿಯಲ್ಲಿ ಬರೆದುಕೊಳ್ಳಲಿ, ಚರ್ಚೆ ಆಮೇಲೆ ಆಗಲಿ.

ಕೊನೆಯದು ಉತ್ತರ. ಫ್ರಾನ್ಸ್ 2019ರಲ್ಲಿ ಚೀಟಿ ಎತ್ತಿ ಆರಿಸಿದ 150 ಮಂದಿಯ ಹವಾಮಾನ ಸಭೆಗೆ, ಶಿಫಾರಸುಗಳನ್ನು ಸೋಸದೆ ಮುಂದೊಯ್ಯುವ ಮಾತು ಸಿಕ್ಕಿತ್ತು. ಹಲವು ಶಿಫಾರಸುಗಳು ದುರ್ಬಲಗೊಂಡಾಗ ಸದಸ್ಯರು 2021ರಲ್ಲಿ ಸರ್ಕಾರಕ್ಕೆ ಕಡಿಮೆ ಅಂಕ ಕೊಟ್ಟರು. ಪಾಲಿಸಲಾಗದ ಭರವಸೆ ಕೊಡುವ ಬದಲು, ಪ್ರತಿ ಸಲಹೆಯ ಎದುರು ‘ಒಪ್ಪಿದೆ’, ‘ಬದಲಾಯಿಸಿದೆ’, ‘ಕೈಬಿಟ್ಟಿದೆ’ ಎಂದು ಕಾರಣಸಹಿತ ಬರೆದ ಪಟ್ಟಿಯನ್ನು ಪ್ರಕಟಿಸಿ, ಆ ಪಟ್ಟಿ ಹೊರಬೀಳುವ ದಿನಾಂಕವನ್ನು ಆಹ್ವಾನ ಪತ್ರದಲ್ಲೇ ಅಚ್ಚು ಹಾಕಿಸಿ.