ಕೊಳೆತ ಮನಿ ಪ್ಲಾಂಟ್ ಉಳಿಸುವುದು ಹೀಗೆ
ದಾವಣಗೆರೆ ಬಿಸಿಲಿಗೆ ಹೆದರಿ ಮನಿ ಪ್ಲಾಂಟ್‌ಗೆ ದಿನಾ ಎರಡು ಚೊಂಬು ನೀರು ಹಾಕಿದೆ. ಎಲೆ ಹಳದಿಯಾಯಿತು. ನೀರು ಸಾಲದೇನೋ ಅಂತ ಇನ್ನೂ ಸುರಿದೆ, ಅಲ್ಲೇ ಎಡವಿದ್ದು. ಈ ಗಿಡ ಬಾಯಾರಿ ಸಾಯುವುದಕ್ಕಿಂತ ಬೇರು ಕೊಳೆತು ಸಾಯುವುದೇ ಜಾಸ್ತಿ.

ಮೊದಲು ಕುಂಡದಿಂದ ತೆಗೆದು ಬೇರು ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಕಂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಮೆತ್ತಗಾಗಿ, ವಾಸನೆಯೂ ಬರುತ್ತಿದ್ದರೆ ಅಷ್ಟನ್ನೂ ಕತ್ತರಿಸಿ ಬಿಸಾಡಿ, ತಳದಲ್ಲಿ ತೂತಿರುವ ಕುಂಡಕ್ಕೆ ಹೊಸ ಮಣ್ಣು ತುಂಬಿ ನೆಡಿ. ಮೇಲಿನ 1 ಇಂಚು ಮಣ್ಣು ಒಣಗಿದ ಮೇಲೇ ನೀರು.

ಬೇರೆಲ್ಲ ಹೋಗಿದ್ದರೂ ಬಳ್ಳಿ ಇದೆ ಅಲ್ವಾ? ಹಸಿರಾಗಿರುವ ತುಂಡನ್ನು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಎಲೆ ಹೊರಡುವ ಜಾಗದ ಗಂಟೇ ಗೆಣ್ಣು. ಹೊಸ ಬೇರು ಬರುವುದು ಅಲ್ಲಿಂದ, ಸುಮ್ನೆ ಎಲೆ ಕಿತ್ತು ನೀರಿಗಿಟ್ಟರೆ ಬಳ್ಳಿ ಹಬ್ಬುವುದಿಲ್ಲ. ಗೆಣ್ಣು ಮುಳುಗಬೇಕು, ಎಲೆ ಮುಳುಗಬಾರದು. ಹಳೇ ಉಪ್ಪಿನಕಾಯಿ ಬಾಟಲಿ ಸಾಕು, ಎಣ್ಣೆ ಜಿಡ್ಡು ಮಾತ್ರ ಪೂರ್ತಿ ಹೋಗಿರಲಿ. ಬೆಳಕಿರುವ, ಆದರೆ ನೇರ ಬಿಸಿಲು ಬೀಳದ ಕಿಟಕಿ ಹತ್ತಿರ ಇಡಿ. ವಾರಕ್ಕೊಮ್ಮೆ ನೀರು ಬದಲಿಸಿ, ಏಪ್ರಿಲ್ ಸೆಕೆಯಲ್ಲಿ 3 ದಿನಕ್ಕೊಮ್ಮೆ.

ಸಾಮಾನ್ಯವಾಗಿ 2-3 ವಾರದಲ್ಲಿ ಬೇರು ಕಾಣುತ್ತದೆ. 2 ಇಂಚು ಉದ್ದವಾದಾಗ ಮಣ್ಣಿಗೆ ಹಾಕಿ. ಮನೆಯಲ್ಲಿ ಬೆಕ್ಕು ಅಥವಾ ಅಂಬೆಗಾಲಿಡುವ ಮಗು ಇದ್ದರೆ ಎತ್ತರದಲ್ಲಿಡಿ, ಎಲೆ ಜಗಿದರೆ ಬಾಯಿ ಉರಿಯುತ್ತದೆ.