ಮಳೆ ಹಿಡಿಯುವ ಮುಂಚೆ ಲಿನಕ್ಸ್ ಲ್ಯಾಪ್‌ಟಾಪಿಗೆ ರಿಕವರಿ ಡಿಸ್ಕ್

ಚಿಕ್ಕಮಗಳೂರಿನಲ್ಲಿ ಮುಂಗಾರು ಹಿಡಿದ ಮೇಲೆ ಕರೆಂಟನ್ನು ನಂಬಿ ಕೂರುವಂತಿಲ್ಲ. ಅದಕ್ಕೇ ಮೇ ಕೊನೆಯೊಳಗೆ ಲ್ಯಾಪ್‌ಟಾಪಿನ ಪೂರ್ತಿ ಬ್ಯಾಕಪ್ ಮುಗಿಸಿಡುತ್ತೇನೆ. ಇಡೀ ಡಿಸ್ಕನ್ನು ನಕಲು ಮಾಡುವ ಕ್ಲೋನ್‌ಜಿಲ್ಲಾ ತಂತ್ರಾಂಶದ ಬೂಟ್ ಡಿವಿಡಿ ಒಂದು, ಅದನ್ನೇ ಬರೆದ ಪೆನ್‌ಡ್ರೈವ್ ಒಂದು, ಇಮೇಜ್, ಅಂದರೆ ಲ್ಯಾಪ್‌ಟಾಪ್ ಡಿಸ್ಕಿನ ನಕಲು, ಇಡಲು ಹೊರಗಿನ ಹಾರ್ಡ್‌ಡಿಸ್ಕ್ ಒಂದು, ಇಷ್ಟು ಬೇಕು.

ಇಮೇಜನ್ನೇ ಡಿವಿಡಿಗಳಿಗೆ ಬರೆಯುವುದು ನನಗೆ ಒಪ್ಪಿಗೆಯಿಲ್ಲ. 30 ಜಿಬಿ ಇಮೇಜಿಗೆ 4.7 ಜಿಬಿಯ ಏಳು ಡಿಸ್ಕ್ ಬೇಕು, ಅದರಲ್ಲಿ ಒಂದು ಕೆಟ್ಟರೂ ಉಳಿದ ಆರು ದಂಡ. ನಮ್ಮ ಮಲೆನಾಡಿನ ತೇವಕ್ಕೆ ಡಿಸ್ಕಿನ ಮೇಲೆ ಬೂಷ್ಟು ಬೇರೆ ಬರುತ್ತದೆ. ಬೂಟ್ ಡಿವಿಡಿಯನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡುತ್ತೇನೆ.

ಇಳಿಸಿಕೊಂಡ ಕ್ಲೋನ್‌ಜಿಲ್ಲಾದ ಐಎಸ್‌ಓ ಕಡತ (ಬೂಟ್ ಡಿವಿಡಿಯ ಪ್ರತಿ) ಕೆಟ್ಟಿಲ್ಲವೆಂದು ತಿಳಿಯಲು ಅದರ ಎಸ್‌ಎಚ್‌ಎ256 ಮೊತ್ತವನ್ನು ತಾಣದಲ್ಲಿ ಕೊಟ್ಟದ್ದರ ಜೊತೆ ಮೊದಲು ತಾಳೆ ನೋಡಬೇಕು. ಡಿವಿಡಿಯನ್ನು ಕಡಿಮೆ ವೇಗದಲ್ಲಿ, 4ಎಕ್ಸ್‌ನಲ್ಲಿ ಬರೆಯುತ್ತೇನೆ. ಐಎಸ್‌ಓವನ್ನು ಕಡತವಾಗಿ ನಕಲು ಮಾಡಿದರೆ ಬೂಟ್ ಆಗದು, 'ಇಮೇಜ್ ಬರೆ' ಎಂಬುದನ್ನೇ ಆರಿಸಬೇಕು. ಪೆನ್‌ಡ್ರೈವಿಗೆ ಬರೆಯಲು ಡಿಡಿ (dd) ಆದೇಶ. ಇಲ್ಲೇ ದೊಡ್ಡ ಅಪಾಯ: ಗುರಿಯ ಹೆಸರಿನಲ್ಲಿ ಒಂದಕ್ಷರ ತಪ್ಪಿದರೆ ಒಳಗಿನ ಡಿಸ್ಕೇ ಅಳಿಸಿಹೋಗುತ್ತದೆ, ಡಿಡಿ ಒಂದು ಮಾತೂ ಕೇಳುವುದಿಲ್ಲ. ಡಿಸ್ಕುಗಳ ಪಟ್ಟಿ ತೋರಿಸುವ ಎಲ್‌ಎಸ್‌ಬಿಎಲ್‌ಕೆ (lsblk) ಆದೇಶ ಕೊಟ್ಟು, ಪೆನ್‌ಡ್ರೈವ್ ಚುಚ್ಚುವ ಮುಂಚೆ ಒಮ್ಮೆ, ಚುಚ್ಚಿದ ಮೇಲೆ ಒಮ್ಮೆ ಪಟ್ಟಿ ನೋಡಿ. ಹೊಸದಾಗಿ ಬಂದ ಸಾಲೇ ಪೆನ್‌ಡ್ರೈವ್, ಗಾತ್ರವೂ ಹೊಂದಬೇಕು. ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಸಂಖ್ಯೆ ಹಾಕದೆ ಇಡೀ ಸಾಧನದ ಹೆಸರು ಕೊಡಿ. ಮುಗಿದ ಮೇಲೆ, ಬರೆಯುವುದು ಬಾಕಿ ಉಳಿಯದಂತೆ ಸಿಂಕ್ (sync) ಆದೇಶ ಕೊಟ್ಟು, ಅದು ಮುಗಿಯುವ ತನಕ ಪೆನ್‌ಡ್ರೈವ್ ಕೀಳಬೇಡಿ.

ಇಮೇಜ್ ತೆಗೆಯುವಾಗ ಬ್ಯಾಟರಿ ತುಂಬಿರಲಿ. ಕ್ಲೋನ್‌ಜಿಲ್ಲಾ ಬಳಕೆಯಲ್ಲಿರುವ ಬ್ಲಾಕುಗಳನ್ನಷ್ಟೇ ನಕಲು ಮಾಡುತ್ತದೆ. ಆದರೆ ಲಕ್ಸ್ (ಲಿನಕ್ಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಗೂಢಲಿಪಿಯ ಪಾರ್ಟಿಷನ್ ಬೀಗ ಹಾಕಿದಂತೆಯೇ ಇದ್ದರೆ ಖಾಲಿ ಜಾಗವೂ ಸೇರಿ ಎಲ್ಲವೂ ಬರುತ್ತದೆ, ಅಷ್ಟು ಜಾಗ ಇಟ್ಟುಕೊಂಡಿರಿ. ಜೊತೆಗೆ ವಿಂಡೋಸ್ ಇದ್ದರೆ ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಪೂರ್ತಿ ಶಟ್‌ಡೌನ್ ಮಾಡಿ. ಇಲ್ಲವಾದರೆ ಆ ಪಾರ್ಟಿಷನ್ ನಕಲಾಗದೆ ನಿಲ್ಲಬಹುದು. ಹೊರಗಿನ ಡಿಸ್ಕಿನ ಕಡತ ವ್ಯವಸ್ಥೆ ಫ್ಯಾಟ್32 ಆಗಿದ್ದರೆ ಒಂದು ಕಡತ 4 ಜಿಬಿ ಮೀರುವಂತಿಲ್ಲ. ಎಕ್ಸ್‌ಟಿ4 ಮಾಡಿಕೊಂಡರೆ ಆ ಕಾಟವಿಲ್ಲ. ಕೊನೆಯಲ್ಲಿ ಬರುವ ಇಮೇಜ್ ಪರೀಕ್ಷೆಗೆ ಸಮಯ ಹಿಡಿದರೂ ಬಿಡಬೇಡಿ.

ಇಮೇಜನ್ನು ಮರಳಿ ಹಾಕುವ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಡೇಟಾ ಎಲ್ಲ ಇದ್ದೂ ಬೂಟ್ ಆಗದಿದ್ದರೆ ಸಾಮಾನ್ಯವಾಗಿ ಗ್ರಬ್ (ಲಿನಕ್ಸನ್ನು ಎಬ್ಬಿಸುವ ತಂತ್ರಾಂಶ) ತಪ್ಪಿರುತ್ತದೆ. ಪೆನ್‌ಡ್ರೈವಿನಿಂದ ಯುಇಎಫ್‌ಐ (ಹೊಸ ಯಂತ್ರಗಳ ಬೂಟ್ ವಿಧಾನ) ರೀತಿಯಲ್ಲೇ ಎದ್ದು, ರೂಟ್ ಮತ್ತು ಇಎಫ್‌ಐ ಪಾರ್ಟಿಷನ್ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ (/dev, /proc, /sys) ಮೂರನ್ನೂ ಅದರೊಳಗೆ ಬೈಂಡ್ ಮಾಡಿ, ಸಿಎಚ್‌ರೂಟ್ (chroot) ಆದೇಶದಿಂದ ಆ ವ್ಯವಸ್ಥೆಯ ಒಳಗೆ ಹೋಗಿ ಗ್ರಬ್ ಹೊಸದಾಗಿ ಹಾಕುತ್ತೇನೆ. ಹಳೆಯ ಬಯಾಸ್ ರೀತಿಯಲ್ಲಿ ಎದ್ದಿದ್ದರೆ ಇಎಫ್‌ಐ ವೇರಿಯಬಲ್ ಸಿಗುವುದಿಲ್ಲವೆಂದು ಗ್ರಬ್ ದೂರುತ್ತದೆ.

ಬಿಎಲ್‌ಕೆಐಡಿ (blkid) ಆದೇಶ ತೋರಿಸುವ ಯುಯುಐಡಿಗಳನ್ನು (ಪಾರ್ಟಿಷನ್ನುಗಳ ಗುರುತಿನ ಸಂಖ್ಯೆ) ಒಂದು ಹಾಳೆಯಲ್ಲಿ ಬರೆದು ಡಬ್ಬಿಯಲ್ಲೇ ಇಟ್ಟಿದ್ದೇನೆ. ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ (fstab) ಕಡತ ತಿದ್ದುವಾಗ ಬೇಕಾಗುವುದು ಅದೇ.