ಆನ್‌ಲೈನ್ ಚಾಷ್ಟಿ ಮ್ಯಾಲ ಹುಡುಗುರ ಕೈಲೇ ವಿಡಿಯೋ ಮಾಡಸೋದು ಹೆಂಗ

ಸೈಬರ್ ಬುಲ್ಲಿಯಿಂಗ್ (ಆನ್‌ಲೈನ್‌ದಾಗ ಕಾಡೋದು) ಅಂತ ಬೋರ್ಡ್ ಮ್ಯಾಲ ಬರದ್ರ ನಮ್ ಕಲಬುರಗಿ ಹುಡುಗುರು ನೋಟ್ಸ್‌ದಾಗ ಬರ್ಕೊಂಡು ಸುಮ್ಕ ಕೂಡ್ತಾರ. ಅದೇ "ಗ್ರೂಪ್‌ದಾಗ ಯಾರ್ದರೆ ಫೋಟೋ ಹಾಕಿ ಚಾಷ್ಟಿ ಮಾಡೋದು ನೋಡೀರೇನು" ಅಂತ ಕೇಳ್ರಿ, ಕ್ಲಾಸ್ ಪೂರಾ ಒಬ್ಬರ ಮುಖ ಒಬ್ಬರು ನೋಡ್ಕೋತ ಕೂಡ್ತದ. ಅಲ್ಲಿಂದನೇ ಸುರು ಮಾಡ್ರಿ. ಎರಡು ವರ್ಷದಿಂದ ಎಂಟು, ಒಂಬತ್ತನೇ ಕ್ಲಾಸಿನವ್ರ ಕೈಲೇ ಇಂಥಾ ವಿಡಿಯೋ ಮಾಡಸ್ಲಿಕತ್ತೀನಿ, ಅದ್ರಾಗ ತಪ್ಪ್ ಮಾಡಿ ಕಲ್ತಿದ್ದೇ ಜಾಸ್ತಿ. ಹತ್ತನೇದವ್ರನ್ನ ಬಿಟ್ಟುಬಿಡ್ರಿ, ಅವ್ರ ತಲಿ ಮ್ಯಾಲ ಪರೀಕ್ಷಾ ಇರ್ತದ.

ಮೊದಲ ಎರಡ್ ದಿನ ಫೋನೇ ಬ್ಯಾಡ. ಎಲ್ಲರಿಗೂ ಒಂದೊಂದು ಚೀಟಿ ಕೊಡ್ರಿ, ಹೆಸರು ಬರೀಬಾರದು, ನೋಡಿದ್ದು, ಅನುಭವಿಸಿದ್ದು, ತಾವೇ ಮಾಡಿದ್ದು ಯಾವ್ದರೆ ಒಂದು ಬರೀಲಿ. ನನಗ ಬಂದ ಚೀಟಿದಾಗ ಏನೇನ್ ಇತ್ತು ಅಂದ್ರ, ಒಬ್ಬಾಕಿನ್ನ ಬಿಟ್ಟು ಉಳದವ್ರೆಲ್ಲಾ ಹೊಸ ವಾಟ್ಸಾಪ್ ಗ್ರೂಪ್ ಮಾಡ್ಕೊಂಡಿದ್ದು, ಹುಡುಗಿ ಹೆಸರಲೆ ಇನ್‌ಸ್ಟಾದಾಗ ಫೇಕ್ ಐಡಿ, ಅಪ್ಪನ ಕೆಲಸ ಹಿಡದು ಸ್ಟಿಕ್ಕರ್ ಮಾಡಿದ್ದು, ಗೇಮ್ ಆಡುವಾಗ ಮೈಕ್‌ದಾಗ ಜಾತಿ ಎತ್ತಿ ಬೈದಿದ್ದು. ಚೀಟಿ ಇದ್ದಂಗೇ ಕಥಿ ಮಾಡಬ್ಯಾಡ್ರಿ, ಸಣ್ಣ ಊರು, ಯಾರದು ಅಂತ ಐದ್ ಮಿನಿಟ್‌ದಾಗ ಗೊತ್ತಾಗ್ತದ. ಎರಡ್ಮೂರು ಕಲಸಿ ಒಂದು ಮಾಡ್ರಿ, ಚೀಟಿ ಹರದು ಹಾಕ್ರಿ.

ಇನ್ನ ಕಥಿ. ಬಿಟ್ರ ಎಲ್ಲಾ ಹುಡುಗುರೂ ಒಂದೇ ಕಥಿ ಬರೀತಾರ: ಒಬ್ಬನ್ನ ಕಾಡ್ತಾರ, ಅವ ಅಳ್ತಾನ, ಫ್ಯಾನ್ ಕಡಿ ನೋಡ್ತಾನ, ಅಷ್ಟರಾಗ ಮಾಸ್ತರು ಬಂದು ಭಾಷಣ ಮಾಡ್ತಾರ, ಕಾಡಿದವ ಕಾಲಿಗಿ ಬೀಳ್ತಾನ. ನನ್ನ ಮೊದಲ ಬ್ಯಾಚಿನ ನಾಕೂ ವಿಡಿಯೋ ಇವೇ. ಫ್ಯಾನ್ ಸೀನ್ ಅಂತೂ ಖಡಾಖಂಡಿತ ಬ್ಯಾಡ, ಎದುರಿಗಿ ಕುಂತು ನೋಡೋರೊಳಗ ಆ ವಿಚಾರ ತಲಿದಾಗ ಇಟ್ಕೊಂಡವ್ರು ಇರಬಹುದು. ಕಾಡೋ ಪಾರ್ಟಿಗೇ ಎಲ್ಲರೂ ಜಗಳಾಡ್ತಾರ, ಯಾಕಂದ್ರ ಡೈಲಾಗ್ ಮಸ್ತ್ ಇರ್ತಾವ! ಅದಕ್ಕ ಈಗ ನಾ ಕಾಡೋನೂ ಅಲ್ಲದ, ಕಾಡಸ್ಕೊಳ್ಳೋನೂ ಅಲ್ಲದ ಮೂರನೇದವನ್ನ ಹೀರೋ ಮಾಡ್ಲಿಕತ್ತೀನಿ. ರಾತ್ರಿ ಒಂಬತ್ತಕ್ಕ ದೋಸ್ತನ ಚಾಷ್ಟಿ ಮಾಡಿದ ಫೋಟೋ ಅವನ ಫೋನಿಗೂ ಬಂದದ, ಬೆರಳು ಫಾರ್ವರ್ಡ್ ಮ್ಯಾಲ ಅದ, ಮುಂದ? ಇಷ್ಟೇ ಸಾಕು, ಅರವತ್ತು ಸೆಕೆಂಡಿನ ವಿಡಿಯೋ ಆಗ್ತದ. ಅವ ನಗೋ ಇಮೋಜಿ ಹಾಕಲ್ಲ, ಫೋಟೋದಾಗ ಇದ್ದವನಿಗೇ ಬ್ಯಾರೆ ಚಾಟ್‌ದಾಗ "ನೋಡ್ದೆಪಾ, ನನಗ ಚೊಲೋ ಅನ್ನಸಲಿಲ್ಲ, ನಾಳಿ ಬಸ್ಸಿಗಿ ಕೂಡೇ ಹೋಗಮು" ಅಂತ ಹಾಕ್ತಾನ. ಈ ಮಾತು ನಾ ಹೇಳಿದ್ದಲ್ಲ, ಒಬ್ಬ ಹುಡುಗನೇ ಬರದಿದ್ದು, ನನಗಂತೂ ಇಷ್ಟು ಚೊಲೋ ಹೊಳೀತಿದ್ದಿಲ್ಲ.

ಈಗ ನನ್ನ ದೊಡ್ಡ ತಪ್ಪು. ಮೊದಲ ವರ್ಷ ವಿಡಿಯೋದಾಗ ಒಬ್ಬನಿಗಿ ಅಡ್ಡಹೆಸರು ಇಟ್ಟು ಕರೆಯೋ ಸೀನ್ ಇತ್ತು. ಎಲ್ಲರೂ ಚಪ್ಪಾಳಿ ಹೊಡದ್ರು, ಒಂದು ವಾರದಾಗ ಸಾಲಿ ಪೂರಾ ಆ ಹುಡುಗನ್ನ ಅದೇ ಹೆಸರಲೆ ಕರೀಲಿಕತ್ತು. ಯಾವ್ದು ಮಾಡಬ್ಯಾಡ್ರಿ ಅಂತ ಹೇಳ್ಲಿಕ್ಕಿ ಹೋಗಿದ್ನೋ ಅದನ್ನ ನನ್ನ ಕೈಲೇ ಮಾಡಿಸಿದಂಗಾಯ್ತು. ಅವತ್ತಿನಿಂದ ಕಾಡಸ್ಕೊಳ್ಳೋರ ಮುಖ ತೋರಸಲ್ಲ, ಕೈ, ಬೆನ್ನು, ಬಾಗಲ ಮುಂದಿನ ಚಪ್ಪಲಿ ಅಷ್ಟೇ. ಬೈಗುಳ ಬರೋ ಜಾಗದಾಗ ಹಲಗಿ ಒಂದು ಪೆಟ್ಟು. ಚಾಟ್ ತೋರಸ್ಬೇಕಾದ್ರ ಖರೇ ಸ್ಕ್ರೀನ್‌ಶಾಟ್ ಬ್ಯಾಡ, ನಂಬರ್ ಬೀಳ್ತಾವ, ಡ್ರಾಯಿಂಗ್ ಶೀಟ್ ಮ್ಯಾಲ ಸ್ಕೆಚ್ ಪೆನ್‌ಲೆ ಬರೀಲಿ, ನೋಡ್ಲಿಕ್ಕೂ ಛಂದ ಕಾಣ್ತದ.

ಮನಿಮಾತಿನಾಗೇ ಮಾತಾಡ್ಲಿ. ನಮ್ಮಲ್ಲಿ ಒಂದೇ ಬೆಂಚಿನಾಗ ಕನ್ನಡ, ದಖನಿ, ಲಂಬಾಣಿ, ತೆಲುಗು ಎಲ್ಲಾ ಅವ, ಬೈಗುಳ ಆಯಾ ಭಾಷಾದಾಗೇ ಬರ್ತಾವ ಅಂದ ಮ್ಯಾಲ ಸಮಾಧಾನನೂ ಅದ್ರಾಗೇ ಬರ್ಲಿ, ಕೆಳಗ ಕನ್ನಡ ಅಕ್ಷರ ಹಾಕಿದ್ರಾಯ್ತು. ಹೋದ ವರ್ಷ ಒಂದು ಗುಂಪು ಮೊಹರಂದಾಗ ಹಾಡ್ತಾರಲ್ಲ, ರಿವಾಯತ್ ಪದ, ಆ ಧಾಟಿದಾಗ ಫೇಕ್ ಐಡಿ ಮ್ಯಾಲ ಪದ ಕಟ್ಟಿದ್ರು, ಮುದುಕರೂ ನಿಂತು ಕೇಳಿದ್ರು.

ಶೂಟಿಂಗ್‌ಗಿ ಒಂದು ಫೋನ್ ಸಾಕು, ಏರೋಪ್ಲೇನ್ ಮೋಡ್‌ದಾಗ ಇಡ್ರಿ. ಕಿಡಕಿ ಬೆಳಕು ಮುಖದ ಮ್ಯಾಲ ಬೀಳಬೇಕು. ಫ್ಯಾನ್ ಬಂದ್ ಮಾಡ್ಲಿಲ್ಲಂದ್ರ ಮಾತೇ ಕೇಳಸಲ್ಲ, ನಮ್ ಬಿಸಲಿಗಿ ಫ್ಯಾನ್ ಬಂದ್ ಮಾಡಿ ಕೂಡೋದು ಸಜಾ, ಹಿಂಗಾಗಿ ಮುಂಜಾನಿ ಒಂಬತ್ತರೊಳಗ ಮುಗಸ್ರಿ. ಇನ್ನೊಂದು ಫೋನ್ ಅಂಗಿ ಜೇಬಿನಾಗ ಇಟ್ಟು ದನಿ ರೆಕಾರ್ಡ್ ಮಾಡಿದ್ರ ಮೈಕ್ ಖರ್ಚಿಲ್ಲ. ಎಡಿಟಿಂಗ್ ನಮಗಿಂತ ಅವ್ರಿಗೇ ಚೊಲೋ ಬರ್ತದ.

ತೋರ್ಸೋದು ಗ್ಯಾದರಿಂಗ್‌ದಾಗ, ಪಾಲಕರ ಮೀಟಿಂಗ್‌ದಾಗ, ಪೆನ್‌ಡ್ರೈವ್ ಹಾಕಿ. ಫೆಬ್ರುವರಿ ಎರಡನೇ ವಾರದ ಮಂಗಳವಾರ ಸೇಫರ್ ಇಂಟರ್‌ನೆಟ್ ಡೇ ಇರ್ತದ, ಅವತ್ತೂ ನಡೀತದ. ಯೂಟ್ಯೂಬಿಗಿ ಹಾಕೋದಾದ್ರ ತಂದಿತಾಯಿ ಸಹಿ ತೊಗೊಳ್ರಿ, ಬ್ಯಾಡ್ಜ್ ಕಾಣಬಾರದು, ಕಾಮೆಂಟ್ ಬಂದ್, ಹುಡುಗುರ ಸ್ವಂತ ಅಕೌಂಟ್‌ದಾಗ ಬ್ಯಾಡೇ ಬ್ಯಾಡ.

ತೋರಿಸಿದ ಮ್ಯಾಲ ಯಾರರೆ ನಿಮ್ ಹತ್ರ ಬಂದೇ ಬರ್ತಾರ, ಅದಕ್ಕ ಮೊದ್ಲೇ ತಯಾರಿರ್ರಿ. ಬೈಯಬ್ಯಾಡ್ರಿ, ಫೋನ್ ಕಸ್ಕೋಬ್ಯಾಡ್ರಿ. ಮೆಸೇಜ್ ಅಳಸೋಕಿಂತ ಮೊದಲ ತಾರೀಖು ಕಾಣೋಹಂಗ ಸ್ಕ್ರೀನ್‌ಶಾಟ್, ಆಮ್ಯಾಲ ರಿಪೋರ್ಟ್, ಬ್ಲಾಕ್. ಮಕ್ಕಳ ಸಹಾಯವಾಣಿ 1098. ಸೈಬರ್ ಸಹಾಯವಾಣಿ 1930 ಹೆಚ್ಚಾಗಿ ರೊಕ್ಕದ ಮೋಸಕ್ಕ, ಇಂಥಾದಕ್ಕ ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲ್‌ದಾಗ ಹೆಣ್ಮಕ್ಕಳು, ಮಕ್ಕಳಿಗಿ ಬ್ಯಾರೆ ಭಾಗ ಅದ, ಹೆಸರು ಹೇಳದೇನೂ ದೂರು ಕೊಡಬಹುದು. ಮನಸು ಭಾಳ ಕುಗ್ಗಿದ್ರ ಟೆಲಿ ಮಾನಸ್ ಸಹಾಯವಾಣಿ 14416. ಅರೆಬತ್ತಲೆ ಫೋಟೋ ವಿಷಯ ಇತ್ತಂದ್ರ ಸಾಕ್ಷಿಗಂತ ನಿಮ್ಮ ಫೋನಿಗಿ ಕಳಸ್ಕೋಬ್ಯಾಡ್ರಿ, ಮಕ್ಕಳ ಅಂಥಾ ಫೋಟೋ ಇಟ್ಕೊಳ್ಳೋದೇ ಅಪರಾಧ, ಅದು ಪೋಕ್ಸೋಕ್ಕ (ಮಕ್ಕಳ ಮ್ಯಾಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ) ಹೋಗ್ತದ, ಸೀದಾ ಪೊಲೀಸರಿಗಿ ಹೇಳ್ರಿ. ಅಂಥಾ ಫೋಟೋ ಆನ್‌ಲೈನ್‌ದಿಂದ ತಗಸ್ಲಿಕ್ಕಿ ಟೇಕ್ ಇಟ್ ಡೌನ್ ಅಂತ ಫ್ರೀ ಸೇವಾನೂ ಅದ, 18ರೊಳಗಿನವ್ರಿಗಿ, ಫೋಟೋ ಫೋನ್ ಬಿಟ್ಟು ಹೋಗಲ್ಲ, ಅದ್ರ ಡಿಜಿಟಲ್ ಗುರುತು ಅಷ್ಟೇ ಹೋಗ್ತದ.

ಹೋದ ವರ್ಷ ಶೋ ಆದ ಮೂರನೇ ದಿನ ಒಬ್ಬಾಕಿ ಬಂದ್ಳು, ಲೈಬ್ರರಿ ಪುಸ್ತಕ ವಾಪಸ್ ಕೊಡೋ ನೆಪದಾಗ. "ಮೇಡಂ, ಆಮ್ಯಾಲ ನೋಡ್ರಿ" ಅಂತ ಓಡ್ದಳು. ಪುಸ್ತಕದೊಳಗ ಚೀಟಿ ಇತ್ತು, ಈ ಸಲ ಹೆಸರು ಬರದಿದ್ಳು.